ಮನೆ ಒಂದೂರು, ಯೂನಿವರ್ಸಿಟಿ ಇನ್ನೊಂದೂರು: ಜರ್ಮನಿಯಲ್ಲಿ ಓದು, ಓಡಾಟ ಎರಡನ್ನೂ ಹೊಂದಿಸುವುದು ಹೇಗೆ

ಪ್ರತಿ ವರ್ಷ ಫೆಬ್ರವರಿ ಕೊನೆಗೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜ್ ಬರುತ್ತದೆ. "ಅಣ್ಣಾ, ಐದು ಪೇಪರ್ ತಗೊಂಡಿದ್ದೆ, ಮೂರು ಹೋಯ್ತು." ನಾನು ಮೊದಲು ಕೇಳುವುದು, ರೂಮ್ ಎಲ್ಲಿ ಅಂತ. ಉತ್ತರವೂ ಹೆಚ್ಚುಕಮ್ಮಿ ಒಂದೇ. ಊರೊಳಗೆ ಸಿಗಲಿಲ್ಲ, ರೈಲಲ್ಲಿ ಒಂದು ಗಂಟೆ ದೂರ, ಬಾಡಿಗೆ ಕಮ್ಮಿ.

ಇವರು ಯಾರೂ ದಡ್ಡರಲ್ಲ. ಬೆಂಗಳೂರಲ್ಲಿ ದಿನಾ ಸಿಲ್ಕ್ ಬೋರ್ಡ್ ದಾಟಿ ಓಡಾಡಿದವರು. "ಒಂದು ಗಂಟೆ ಏನ್ ಮಹಾ" ಅನ್ನಿಸುವುದು ಸಹಜ. ಎಡವುವುದು ಕ್ರಮದಲ್ಲಿ. ಮೊದಲು ಕೋರ್ಸ್ ಆರಿಸುತ್ತಾರೆ, ಆಮೇಲೆ ಪಾರ್ಟ್‌ಟೈಮ್ ಕೆಲಸ ಹಿಡಿಯುತ್ತಾರೆ, ರೈಲಿನ ಟೈಮ್ ನೋಡುವುದು ಕೊನೆಗೆ. ಇದನ್ನು ತಿರುಗಿಸಿ ಹಾಕಬೇಕು. ಮೊದಲು ರೈಲು. ಆಮೇಲೆ ವಾರಕ್ಕೆ ಎಷ್ಟು ದಿನ ಹೋಗಬೇಕು ಅನ್ನೋದು. ಆಮೇಲೆ ಕೋರ್ಸ್. ಕೆಲಸ ಎಲ್ಲಕ್ಕಿಂತ ಕೊನೆಗೆ.

ಮೊದಲ ನಾಲ್ಕು ಹಂತಗಳನ್ನು ಕ್ಲಾಸ್ ಶುರುವಾಗುವ ಮುಂಚೆಯೇ ಮುಗಿಸಿ. ಚಳಿಗಾಲದ ಸೆಮೆಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ಕ್ಕೆ ಶುರುವಾದರೂ ಬಹುತೇಕ ಯೂನಿವರ್ಸಿಟಿಗಳಲ್ಲಿ ಕ್ಲಾಸ್ ನಡೆಯುವುದು ಅಕ್ಟೋಬರ್ ಮಧ್ಯದಿಂದ. ಆ ಎರಡು ವಾರ ಊರು ನೋಡೋಕೆ ಅಂತ ಇಟ್ಟುಕೊಳ್ಳಬೇಡಿ.

ಮೊದಲು ಕೈಯಲ್ಲಿ ಇರಬೇಕಾದ್ದು

ಫೋನಲ್ಲಿ ಜರ್ಮನ್ ರೈಲ್ವೆಯ ಆ್ಯಪ್ ಡಿಬಿ ನ್ಯಾವಿಗೇಟರ್, ಜೊತೆಗೆ ನಿಮ್ಮ ಊರಿನ ಬಸ್–ಟ್ರಾಮ್ ಸಂಸ್ಥೆಯ ಆ್ಯಪ್. ಒಂದು ಪವರ್ ಬ್ಯಾಂಕ್, ಏಕೆಂದರೆ ನಿಮ್ಮ ಟಿಕೆಟ್ ಇರುವುದು ಫೋನಲ್ಲೇ. ಗುರುತಿನ ಚೀಟಿ. ನಿಮ್ಮ ಕೋರ್ಸಿನ ಮೊಡ್ಯೂಲ್‌ಹಾಂಡ್‌ಬೂಖ್, ಅಂದರೆ ಪ್ರತಿ ವಿಷಯಕ್ಕೆ ಎಷ್ಟು ಕ್ರೆಡಿಟ್, ಯಾವ ಥರದ ಪರೀಕ್ಷೆ ಅಂತ ಬರೆದಿರುವ ಪುಸ್ತಕ. ಪಿಡಿಎಫ್ ಸಿಗುತ್ತದೆ. ಇನ್ನೊಂದು ಚಿಲ್ಲರೆ ವಿಷಯ: ಪರ್ಸಲ್ಲಿ ಒಂದು ಯೂರೋ, ಎರಡು ಯೂರೋ ನಾಣ್ಯ ಒಂದೊಂದು ಇರಲಿ. ಎಷ್ಟೋ ಲೈಬ್ರರಿಗಳಲ್ಲಿ ಬ್ಯಾಗ್ ಒಳಗೆ ಬಿಡುವುದಿಲ್ಲ, ಲಾಕರ್‌ಗೆ ನಾಣ್ಯ ಬೇಕು. ದಿನವಿಡೀ ಹೊರಗಿರುವವರಿಗೆ ಆ ಲಾಕರೇ ಮನೆ.

ಹಂತ 1: ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು, ಅಳೆಯಿರಿ

ಆ್ಯಪ್ 38 ನಿಮಿಷ ಅಂತ ತೋರಿಸುತ್ತದೆ. ಅದು ರೈಲು ಓಡುವ ಹೊತ್ತು ಮಾತ್ರ. ಮನೆಯಿಂದ ಸ್ಟೇಷನ್‌ಗೆ 12 ನಿಮಿಷ, ಪ್ಲಾಟ್‌ಫಾರ್ಮಲ್ಲಿ ನಿಲ್ಲುವುದು 5, ರೈಲು 38, ಇಳಿದು ಬಸ್ ಕಾಯುವುದು 9, ಬಸ್ಸಿಂದ ಕ್ಲಾಸ್ ರೂಮಿಗೆ 11. ಒಟ್ಟು 75. ಅಂದರೆ ದಿನಕ್ಕೆ ಎರಡೂವರೆ ಗಂಟೆ.

ಇದನ್ನು ಒಂದು ಸಲ ನಿಜವಾಗಿ ಹೋಗಿ ಅಳೆಯಿರಿ. ವಾರದ ದಿನವೇ ಹೋಗಿ, ನೀವು ಮುಂದೆ ಹೋಗಬೇಕಾದ ಹೊತ್ತಿಗೇ ಹೋಗಿ. ಭಾನುವಾರ ಹೋಗಿ ನೋಡಿ ಬಂದವರ ಲೆಕ್ಕ ಯಾವತ್ತೂ ತಪ್ಪುತ್ತದೆ.

ಕೊನೆಯ ತುಂಡನ್ನು ಜಾಸ್ತಿ ಗಮನಿಸಿ. ಉದಾಹರಣೆಗೆ ಡ್ಯೂರೆನ್‌ನಲ್ಲಿ ರೂಮ್ ಮಾಡಿ ಆಖೆನ್‌ನಲ್ಲಿ ಓದುವವರನ್ನು ತಗೊಳ್ಳಿ. ಆರ್‌ಇ 1, ಆರ್‌ಇ 9 ಅನ್ನುವ ಲೋಕಲ್ ರೈಲುಗಳೆರಡೂ ಅವರನ್ನು ಆಖೆನ್ ಮುಖ್ಯ ನಿಲ್ದಾಣಕ್ಕೆ ತಲುಪಿಸುತ್ತವೆ. ಆದರೆ ಅಲ್ಲಿಂದ ಕ್ಯಾಂಪಸ್‌ಗೆ ಬಸ್ಸೋ ನಡಿಗೆಯೋ ಬೇರೆ. ಹೆರ್ಟ್ಸೋಗೆನ್‌ರಾಟ್ ಕಡೆಯಿಂದ ಬರುವವರು ಆಖೆನ್ ವೆಸ್ಟ್‌ನಲ್ಲೇ ಇಳಿಯಬಹುದು, ಕ್ಯಾಂಪಸ್‌ನ ದೊಡ್ಡ ಭಾಗ ಅಲ್ಲಿಗೆ ಹತ್ತಿರ. ಮ್ಯಾಪಲ್ಲಿ ದೂರ ಒಂದೇ ಥರ ಕಂಡರೂ ದಿನದ ಕೊನೆಗೆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಇನ್ನೆರಡು ಸಂಗತಿ ಬರೆದಿಟ್ಟುಕೊಳ್ಳಿ. ಒಂದು, ರೈಲು ಗಂಟೆಗೆ ಒಂದೋ ಎರಡೋ. ಗಂಟೆಗೊಂದೇ ಇದ್ದರೆ ಒಂದು ನಿಮಿಷ ತಪ್ಪಿದರೂ 60 ನಿಮಿಷ ಹೋದಂತೆ. ಎರಡು, ರಾತ್ರಿ ವಾಪಸ್ ಬರಲು ಕೊನೆಯ ರೈಲು ಎಷ್ಟಕ್ಕೆ, ಅದರ ಹಿಂದಿನದು ಎಷ್ಟಕ್ಕೆ. ಕೊನೆಯದನ್ನು ನಂಬಬೇಡಿ, ಅದರ ಹಿಂದಿನದೇ ನಿಮ್ಮ ಕೊನೆಯದು.

ಹಂತ 2: ಟಿಕೆಟ್ ಒಂದೇ ಸಲ ಸರಿಯಾಗಿ ಮಾಡಿಕೊಳ್ಳಿ

ನಿಮ್ಮ ಸೆಮೆಸ್ಟರ್ ಶುಲ್ಕದಲ್ಲಿ ಟಿಕೆಟ್ ಸೇರಿದೆಯಾ ನೋಡಿ. 2024ರ ಬೇಸಿಗೆ ಸೆಮೆಸ್ಟರಿನಿಂದ ಬಹಳಷ್ಟು ಯೂನಿವರ್ಸಿಟಿಗಳು ವಿದ್ಯಾರ್ಥಿಗಳಿಗೆ ಇಡೀ ದೇಶದಲ್ಲಿ ನಡೆಯುವ ಡಾಯ್ಚ್‌ಲಾಂಡ್ ಸೆಮೆಸ್ಟರ್ ಟಿಕೆಟ್ ಕೊಡುತ್ತಿವೆ. ಇದರ ಬೆಲೆ ಸಾಮಾನ್ಯ ಡಾಯ್ಚ್‌ಲಾಂಡ್ ಟಿಕೆಟ್‌ನ ಶೇ 60. ಸಾಮಾನ್ಯ ಟಿಕೆಟ್ 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು, 2026ರ ಜನವರಿಯಿಂದ 63.

ಇಲ್ಲಿ ಮೂರು ತಪ್ಪು ಪದೇಪದೇ ಆಗುತ್ತವೆ. ಸೆಪ್ಟೆಂಬರಲ್ಲೇ ಬಂದಿಳಿದವರು ಸೆಮೆಸ್ಟರ್ ಟಿಕೆಟ್ ಇದೆ ಅಂದುಕೊಂಡು ರೈಲು ಹತ್ತುತ್ತಾರೆ. ಅಕ್ಟೋಬರ್ 1ಕ್ಕೆ ಶುರುವಾಗುವ ಸೆಮೆಸ್ಟರಿನ ಟಿಕೆಟ್ ಅದಕ್ಕೆ ಮುಂಚೆ ನಡೆಯುವುದಿಲ್ಲ. ಇನ್ನು ಕೆಲವರು ಸೆಪ್ಟೆಂಬರಿಗೆ ಅಂತ ಸಾಮಾನ್ಯ ಟಿಕೆಟ್ ತಗೊಂಡು ನಿಲ್ಲಿಸುವುದನ್ನೇ ಮರೆಯುತ್ತಾರೆ. ಅದು ತಿಂಗಳ ಚಂದಾ, ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿದರೆ ಆ ತಿಂಗಳ ಕೊನೆಗೆ ನಿಲ್ಲುತ್ತದೆ, ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ಮೂರನೆಯದು ಗಡಿಬಿಡಿಯಲ್ಲಿ ದೂರದ ವೇಗದ ರೈಲುಗಳಾದ ಐಸಿಇ ಅಥವಾ ಐಸಿ ಹತ್ತುವುದು. ಈ ಟಿಕೆಟ್ ಲೋಕಲ್ ರೈಲುಗಳಾದ ಆರ್‌ಬಿ, ಆರ್‌ಇ, ಎಸ್‌–ಬಾನ್, ಊ–ಬಾನ್ (ಮೆಟ್ರೋ), ಟ್ರಾಮ್, ಬಸ್‌ಗಳಿಗೆ ಮಾತ್ರ.

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಫೋನ್ ಸತ್ತು ಟಿಕೆಟ್ ತೋರಿಸಲು ಆಗದಿದ್ದರೂ ಚೀಟಿ ಬರೆದೇ ಕೊಡುತ್ತಾರೆ. ಆಗ ಗಾಬರಿ ಬೇಡ. ನಿಮ್ಮ ಹೆಸರಿನ ಟಿಕೆಟ್ ಆ ದಿನ ಚಾಲ್ತಿಯಲ್ಲಿತ್ತು ಅಂತ ಒಂದು ವಾರದೊಳಗೆ ತೋರಿಸಿದರೆ ದಂಡ 7 ಯೂರೋಗೆ ಇಳಿಯುತ್ತದೆ. ಚೀಟಿಯನ್ನು ಬ್ಯಾಗಿನ ತಳಕ್ಕೆ ಹಾಕಿ ಮರೆತವರೇ ಪೂರ್ತಿ ಕಟ್ಟುವುದು.

ಹಂತ 3: ಗಂಟೆ ಅಲ್ಲ, ಹೋಗುವ ದಿನಗಳನ್ನು ಎಣಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವಷ್ಟು ತಾಳ್ಮೆ ಇದ್ದರೆ ಇದನ್ನೇ ಮಾಡಿ.

ಯೂರೋಪಿನ ಯೂನಿವರ್ಸಿಟಿಗಳು ಬಳಸುವ ಇಸಿಟಿಎಸ್ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಸೆಮೆಸ್ಟರಿಗೆ 30 ಕ್ರೆಡಿಟ್ ಅಂದರೆ 750ರಿಂದ 900 ಗಂಟೆ. ಇದರಲ್ಲಿ ಕ್ಲಾಸಲ್ಲಿ ಕೂರುವುದು ಸ್ವಲ್ಪವೇ, ಉಳಿದದ್ದು ನೀವೇ ಕೂತು ಓದಬೇಕಾದ್ದು. ಈಗ ಮೇಲಿನ 75 ನಿಮಿಷ ತಗೊಳ್ಳಿ. ವಾರಕ್ಕೆ ಐದು ದಿನ ಹೋದರೆ 12.5 ಗಂಟೆ. ಕ್ಲಾಸ್ ನಡೆಯುವುದು 14 ವಾರ ಅಂದುಕೊಂಡರೆ 175 ಗಂಟೆ. ಆರು ಕ್ರೆಡಿಟ್‌ನ ಒಂದು ಇಡೀ ಸಬ್ಜೆಕ್ಟಿಗೆ ಬೇಕಾಗುವಷ್ಟು ಹೊತ್ತು ಇದು! ಮೂರು ದಿನಕ್ಕೆ ಇಳಿಸಿದರೆ 105 ಗಂಟೆ. ಉಳಿದ 70 ಗಂಟೆ ನಿಮ್ಮದು.

ಅದಕ್ಕೇ ಹೇಳುವುದು, ದಿನ ಎಣಿಸಿ ಅಂತ. ಒಂದೂವರೆ ಗಂಟೆಯ ಒಂದೇ ಒಂದು ಕ್ಲಾಸಿಗೆ ಹೋದರೂ ಎರಡೂವರೆ ಗಂಟೆ ಓಡಾಟ, ಜೊತೆಗೆ ಹೊರಡುವ ತಯಾರಿ, ಬಂದ ಮೇಲಿನ ಸುಸ್ತು. ಹೋದ ದಿನ ನಾಲ್ಕು ಕ್ಲಾಸ್ ಇದ್ದರೂ ಓಡಾಟ ಅಷ್ಟೇ.

ಒಂದು ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರ ಐದು ಕಾಲಂ ಹಾಕಿ. ಕಡ್ಡಾಯವಾಗಿ ಹೋಗಲೇಬೇಕಾದ ದಿನಗಳಿಗೆ ಮೊದಲು ಗುರುತು ಹಾಕಿ. ಗುರಿ ಮೂರು ದಿನ, ಹೆಚ್ಚೆಂದರೆ ನಾಲ್ಕು. ಮಧ್ಯದಲ್ಲಿ ಒಂದು ದಿನ ಮನೆಯಲ್ಲೇ ಉಳಿಯುವಂತೆ ಹೊಂದಿಸಿ, ಬುಧವಾರ ಆದರೆ ಬಹಳ ಒಳ್ಳೆಯದು. ಶುಕ್ರವಾರ ಬಿಡುವು ಮಾಡಿಕೊಂಡವರು ಮೂರು ದಿನ ರಜೆ ಅಂದುಕೊಂಡು ಕೊಲೋನ್ ಸುತ್ತೋಕೆ ಹೋಗುತ್ತಾರೆ, ನಾನೂ ಹೋಗಿದ್ದೇನೆ.

ಹಂತ 4: ಕೋರ್ಸ್ ಆರಿಸುವಾಗ ಲೆಕ್ಚರ್ ನೋಡಬೇಡಿ, ಊಬುಂಗ್ ನೋಡಿ

ಜರ್ಮನ್ ಯೂನಿವರ್ಸಿಟಿಯಲ್ಲಿ ಲೆಕ್ಚರ್‌ಗೆ ಸಾಮಾನ್ಯವಾಗಿ ಹಾಜರಿ ಇರುವುದಿಲ್ಲ. ನಮ್ಮ 75 ಪರ್ಸೆಂಟ್ ಅಟೆಂಡೆನ್ಸ್ ಥರದ್ದು ಇಲ್ಲ. ಲ್ಯಾಬ್, ಸೆಮಿನಾರ್‌ಗಳಿಗೆ ಮಾತ್ರ ಹಾಜರಿ ಗಟ್ಟಿ. ಹಾಗಾಗಿ ಮೊದಲು ಲ್ಯಾಬ್, ಸೆಮಿನಾರ್ ಕಾಲಂಗೆ ಹಾಕಿ.

ಆಮೇಲೆ ಊಬುಂಗ್. ಲೆಕ್ಕ ಬಿಡಿಸಿ ತೋರಿಸುವ ಕ್ಲಾಸ್ ಇದು. ಪರೀಕ್ಷೆಯ ಪ್ರಶ್ನೆಗಳು ಬಹಳ ಸಲ ಲೆಕ್ಚರ್ ಸ್ಲೈಡಿಗಿಂತ ಈ ಹಾಳೆಗಳನ್ನೇ ಹೋಲುತ್ತವೆ. ಕೆಲವು ವಿಷಯಗಳಲ್ಲಿ ಹಾಳೆಗಳನ್ನು ಬಿಡಿಸಿ ಕೊಟ್ಟು ಇಷ್ಟು ಅಂಕ ತಗೊಂಡರೆ ಮಾತ್ರ ಪರೀಕ್ಷೆಗೆ ಕೂರಲು ಬಿಡುತ್ತಾರೆ. ಒಂದೇ ವಿಷಯದ ಊಬುಂಗ್ ಮೂರ್ನಾಲ್ಕು ಗುಂಪುಗಳಲ್ಲಿ ಬೇರೆ ಬೇರೆ ದಿನ ನಡೆಯುತ್ತದೆ. ಗುಂಪು ಆರಿಸುವ ಅವಕಾಶ ಮೊದಲ ವಾರದಲ್ಲೇ ತೆರೆದು ಬೇಗ ತುಂಬಿಬಿಡುತ್ತದೆ. ಹಂತ 3ರ ಹಾಳೆ ಕೈಯಲ್ಲಿ ಇದ್ದವರು ತಮ್ಮ ದಿನದ ಗುಂಪು ಹಿಡಿಯುತ್ತಾರೆ. ಇಲ್ಲದವರಿಗೆ ಶುಕ್ರವಾರ ಬೆಳಿಗ್ಗೆ 8ರದ್ದು ಉಳಿದಿರುತ್ತದೆ.

ವೇಳಾಪಟ್ಟಿ ಓದುವಾಗ ಸಿ.ಟಿ., ಎಸ್.ಟಿ. ಅನ್ನುವ ಎರಡಕ್ಷರ ನೋಡಿ. ಸಿ.ಟಿ. ಇದ್ದರೆ 10 ಗಂಟೆ ಅಂದದ್ದು 10:15. ಎಸ್.ಟಿ. ಇದ್ದರೆ 10 ಅಂದರೆ 10. 9:50ಕ್ಕೆ ಇಳಿಯುವ ರೈಲು ಸಿ.ಟಿ. ಕ್ಲಾಸಿಗೆ ಸಾಕು, ಎಸ್.ಟಿ.ಗೆ ಅದರ ಹಿಂದಿನದು ಬೇಕು. ಪರೀಕ್ಷೆಗೆ ಈ ಹದಿನೈದು ನಿಮಿಷದ ರಿಯಾಯಿತಿ ಇದೆ ಅಂದುಕೊಳ್ಳಬೇಡಿ.

ಎಷ್ಟು ಕ್ರೆಡಿಟ್? ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಓಡಾಟ ಇದ್ದರೆ ಮೊದಲ ಸೆಮೆಸ್ಟರಿಗೆ 20ರಿಂದ 24 ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಾಸ್ಟರ್ಸ್‌ನ 120 ಕ್ರೆಡಿಟ್ ಎರಡೇ ವರ್ಷಕ್ಕೆ ಮುಗಿಯದಿದ್ದರೆ ಆಕಾಶ ಬೀಳುವುದಿಲ್ಲ. ಆದರೆ ವೀಸಾ, ದುಡ್ಡು ಎರಡರ ಲೆಕ್ಕವನ್ನೂ ಜೊತೆಯಲ್ಲೇ ಇಟ್ಟುಕೊಳ್ಳಿ.

ಹಂತ 5: ರೈಲಲ್ಲಿ ಏನು ಓದಬಹುದು, ಏನು ಆಗಲ್ಲ

"ರೈಲಲ್ಲಿ ಓದ್ತೀನಿ ಬಿಡಿ" ಅನ್ನುವುದು ಎಲ್ಲರೂ ಹೇಳುವ ಮಾತು. ಬೆಳಿಗ್ಗೆ 7ರ ರೈಲಲ್ಲಿ ಸೀಟೇ ಸಿಗುವುದಿಲ್ಲ, ಸಿಕ್ಕರೂ ಲ್ಯಾಪ್‌ಟಾಪ್ ಬಿಚ್ಚುವಷ್ಟು ಜಾಗ ಇರುವುದಿಲ್ಲ. ನೆಟ್ ನಡುನಡುವೆ ಹೋಗುತ್ತದೆ.

ನಿಂತುಕೊಂಡೇ ಆಗುವಂಥದ್ದು ಇಟ್ಟುಕೊಳ್ಳಿ. ಇವತ್ತಿನ ಕ್ಲಾಸಿನ ಸ್ಲೈಡ್ ಒಮ್ಮೆ ಕಣ್ಣಾಡಿಸುವುದು, ಜರ್ಮನ್ ಶಬ್ದಗಳ ಫ್ಲಾಶ್ ಕಾರ್ಡ್, ಹಿಂದಿನ ಲೆಕ್ಚರ್‌ನ ರೆಕಾರ್ಡಿಂಗ್ ಕೇಳುವುದು. ಎಲ್ಲವನ್ನೂ ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಂಡಿರಬೇಕು. ಲೆಕ್ಕ ಬಿಡಿಸುವುದು, ಕೋಡ್ ಬರೆಯುವುದು, ರಿಪೋರ್ಟ್ ಬರೆಯುವುದು ರೈಲಿನ ಕೆಲಸ ಅಲ್ಲ. ಓಡಾಟದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಓದಿಗೆ ಸಿಕ್ಕರೆ ಖುಷಿಪಡಿ, ಅದಕ್ಕಿಂತ ಜಾಸ್ತಿ ಲೆಕ್ಕಕ್ಕೆ ಹಿಡಿಯಬೇಡಿ.

ಸಂಜೆಯ ರೈಲಲ್ಲಿ ಮಲಗಿದರೆ ಮಲಗಿ, ಅಲಾರಂ ಇಟ್ಟು ಮಲಗಿ. ನಿಜವಾದ ಓದಿಗೆ ಜಾಗ ಎರಡು ಕ್ಲಾಸ್‌ಗಳ ನಡುವಿನ ಬಿಡುವು. 11:45ಕ್ಕೆ ಕ್ಲಾಸ್ ಬಿಟ್ಟು ಮುಂದಿನದು 14:15ಕ್ಕೆ ಇದ್ದರೆ ನೇರ ಲೈಬ್ರರಿಗೆ ಹೋಗಿ. 12ಕ್ಕೆ ಯೂನಿವರ್ಸಿಟಿ ಕ್ಯಾಂಟೀನ್ ಆದ ಮೆನ್ಸಾದಲ್ಲಿ ತಿರುಪತಿ ಕ್ಯೂ, 13:15ಕ್ಕೆ ಖಾಲಿ. ಡಬ್ಬಿ ಒಯ್ಯುವವರಿಗೆ ಚಿತ್ರಾನ್ನ, ಅವಲಕ್ಕಿ ತಣ್ಣಗಾದರೂ ನಡೆಯುತ್ತದೆ. ಸಾರನ್ನ ಒಯ್ದು ನೋಟ್ಸ್ ಅದ್ದಿಸಿಕೊಂಡವನು ನಾನು.

ಹಂತ 6: ರೈಲು ಕೈಕೊಡುವ ದಿನಕ್ಕೆ ಮೊದಲೇ ತಯಾರಿ

ಜರ್ಮನಿಯ ಸರ್ಕಾರಿ ರೈಲ್ವೆ ಕಂಪನಿ ಡಾಯ್ಚ ಬಾನ್ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗೆ ಲೆಕ್ಕ ಹಾಕಿಯೂ 2024ರಲ್ಲಿ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ 62.5. ನೀವು ಹತ್ತುವ ಲೋಕಲ್ ರೈಲುಗಳ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿದೆ. ಆದರೆ ಓಡುವುದು ಬಹಳ ಕಡೆ ಅದೇ ಹಳಿ ಮೇಲೆ, ತಡವಾದ ಐಸಿಇಗೆ ದಾರಿ ಬಿಡಲು ನಿಮ್ಮ ರೈಲು ಪಕ್ಕಕ್ಕೆ ನಿಂತುಬಿಡುತ್ತದೆ. ಹಾಗಾಗಿ ಆ್ಯಪ್ ತೋರಿಸುವ ನಾಲ್ಕು ನಿಮಿಷದಲ್ಲಿ ರೈಲು ಬದಲಿಸುವ ಅವಕಾಶವನ್ನು ಇಲ್ಲ ಅಂತಲೇ ತಿಳಿಯಿರಿ. ರೈಲು "ಸಮಯಕ್ಕೆ" ಬಂದರೂ ಮುಂದಿನದು ಹೋಗಿರುತ್ತದೆ. ಕನಿಷ್ಠ ಹತ್ತು ನಿಮಿಷ ಇಟ್ಟುಕೊಳ್ಳಿ.

ಮೈಕಿನಲ್ಲಿ ಬರುವ ನಾಲ್ಕು ಮಾತು ಕಿವಿಗೆ ಪಳಗಲಿ. ಫೆರ್‌ಶ್ಪೇಟುಂಗ್ ಅಂದರೆ ತಡ. ಫೆಲ್ಟ್ ಔಸ್ ಅಂದರೆ ರೈಲು ರದ್ದು. ಶೀನೆನ್‌ಎರ್‌ಸಾಟ್ಸ್‌ಫೆರ್ಕೇರ್ ಅಂದರೆ ಹಳಿ ರಿಪೇರಿ, ರೈಲಿನ ಬದಲು ಬಸ್, ಹೊತ್ತು ಎರಡರಷ್ಟು ಆದರೂ ಆಶ್ಚರ್ಯವಿಲ್ಲ. ಗೆಟೈಲ್ಟ್ ಅಂದರೆ ಮುಂದಿನ ಸ್ಟೇಷನಲ್ಲಿ ರೈಲು ಎರಡು ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ.

ಈ ಕೊನೆಯದಕ್ಕೆ ನಾನು ತೆತ್ತ ಬೆಲೆ ಹೇಳುತ್ತೇನೆ. ಮೊದಲ ವರ್ಷದ ನವೆಂಬರ್. ಬೆಳಿಗ್ಗೆ ಏಳೂವರೆ, ಹೊರಗೆ ಇನ್ನೂ ಕತ್ತಲು. ಹಿಂದಿನ ಬೋಗಿಗಳು ಖಾಲಿ ಇದ್ದವು. ಖುಷಿಯಾಗಿ ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕಿಕೊಂಡೆ. ಒಂದು ಸ್ಟೇಷನಲ್ಲಿ ರೈಲು ಸ್ವಲ್ಪ ಜಾಸ್ತಿಯೇ ನಿಂತಿತು. ಎದುರಿನ ಅಜ್ಜಿ ನನ್ನ ಕಡೆ ನೋಡಿ ಏನೋ ಹೇಳಿದರು, ನಾನು ನಕ್ಕು ತಲೆಯಾಡಿಸಿದೆ. ಕಾಲು ಗಂಟೆ ಆದ ಮೇಲೆ ಕಿಟಕಿಯಲ್ಲಿ ಬರೀ ಹೊಲ, ಗಾಳಿಯಂತ್ರ. ಮುಂದಿನ ಅರ್ಧ ರೈಲು ನನ್ನ ಊರಿಗೆ ಹೋಗಿತ್ತು, ನಾನಿದ್ದ ಅರ್ಧ ಎಲ್ಲಿಗೋ. ವಾಪಸ್ ಬಂದು ಮುಟ್ಟುವಷ್ಟರಲ್ಲಿ ಲ್ಯಾಬಿನ ಸುರಕ್ಷತಾ ಪಾಠ ಮುಗಿದಿತ್ತು. ಅದಿಲ್ಲದೆ ಲ್ಯಾಬಿಗೆ ಸೇರಿಸುವುದಿಲ್ಲ ಅಂದರು. ಆ ಲ್ಯಾಬ್ ಮುಂದಿನ ವರ್ಷಕ್ಕೆ ಹೋಯಿತು. ಖಾಲಿ ಬೋಗಿ ಕಂಡರೆ ಇವತ್ತಿಗೂ ಮೊದಲು ಮೇಲಿನ ಬೋರ್ಡ್ ಓದುತ್ತೇನೆ.

ಇನ್ನೊಂದು ಯಾರೂ ಹೇಳದ ವಿಷಯ. ಪ್ರತಿ ವರ್ಷ ಡಿಸೆಂಬರ್ ಎರಡನೇ ಭಾನುವಾರದ ಆಸುಪಾಸಿನಲ್ಲಿ ಇಡೀ ದೇಶದ ರೈಲಿನ ವೇಳಾಪಟ್ಟಿ ಬದಲಾಗುತ್ತದೆ. ಅದು ಸರಿಯಾಗಿ ನಿಮ್ಮ ಸೆಮೆಸ್ಟರ್ ನಡುವೆ. ಅಕ್ಟೋಬರಲ್ಲಿ ಹಾಕಿದ ಪ್ಲಾನ್ ಆ ಸೋಮವಾರ ಕೈಕೊಡಬಹುದು. ಫಾರ್‌ಪ್ಲಾನ್‌ವೆಕ್ಸೆಲ್ ಅಂತ ಈಗಲೇ ಕ್ಯಾಲೆಂಡರಿಗೆ ಹಾಕಿ, ಆ ವಾರದ ಮುಂಚೆ ಹಂತ 1 ಮತ್ತೆ ಮಾಡಿ.

ಗ್ರೂಪ್ ಪ್ರಾಜೆಕ್ಟ್ ಇದ್ದರೆ ಮೊದಲ ಮೀಟಿಂಗಲ್ಲೇ ಹೇಳಿಬಿಡಿ, "ನನ್ನ ರೈಲು ಆರೂಮುಕ್ಕಾಲಿಗೆ, ಅದು ಬಿಟ್ಟರೆ ಒಂದು ಗಂಟೆ ಕಾಯಬೇಕು" ಅಂತ. ನಾವು ಸಂಕೋಚ ಮಾಡಿಕೊಂಡು ಕೂತು, ಆಮೇಲೆ ಒದ್ದಾಡುತ್ತೇವೆ. ಜರ್ಮನ್ನರಿಗೆ ಇದರಲ್ಲಿ ಬೇಜಾರಾಗುವಂಥದ್ದು ಏನೂ ಕಾಣುವುದಿಲ್ಲ, ಕ್ಯಾಲೆಂಡರ್ ತೆಗೆದು ಟೈಮ್ ಬದಲಿಸುತ್ತಾರೆ ಅಷ್ಟೇ.

ಹಂತ 7: ಕೆಲಸ ಎಲ್ಲಿ, ಎಷ್ಟು

ನಮ್ಮಂಥ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅನುಮತಿ ಇದೆ. ಯೂನಿವರ್ಸಿಟಿಯೊಳಗಿನ ವಿದ್ಯಾರ್ಥಿ ಸಹಾಯಕ ಕೆಲಸ, ಎಲ್ಲರೂ ಹೀವಿ ಅನ್ನುವುದು, ಈ ಲೆಕ್ಕಕ್ಕೆ ಬರುವುದಿಲ್ಲ.

ಸಂಬಳಕ್ಕಿಂತ ಜಾಗ ನೋಡಿ. ಕ್ಯಾಂಪಸ್ಸಿನಲ್ಲೋ ಮನೆ ಇರುವ ಊರಲ್ಲೋ ಇದ್ದರೆ ಸರಿ. ಮೂರನೇ ಊರಲ್ಲಿ ಕೆಲಸ ಹಿಡಿದವರು ಎರಡು ತಿಂಗಳಲ್ಲಿ ಒಂದನ್ನು ಬಿಡುತ್ತಾರೆ, ಸಾಮಾನ್ಯವಾಗಿ ಓದನ್ನು. ಮೊದಲ ಸೆಮೆಸ್ಟರಿನ ಮೊದಲ ಆರು ವಾರ ಕೆಲಸವೇ ಬೇಡ. ವೀಸಾಗಾಗಿ ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಬರುವ ದುಡ್ಡು ಇಂಥ ಹೊತ್ತಿಗೇ ಇರುವುದು.

ಈ ಸೂಚನೆ ಕಂಡರೆ ತಡಮಾಡಬೇಡಿ

ನಾಲ್ಕನೇ ವಾರಕ್ಕೆ ಎರಡು ವಿಷಯಗಳ ಊಬುಂಗ್ ಹಾಳೆ ಮುಟ್ಟಿಯೇ ಇಲ್ಲ. ಭಾನುವಾರ ಪೂರ್ತಿ ನಿದ್ದೆಗೆ ಹೋಗುತ್ತಿದೆ. ಯೂನಿವರ್ಸಿಟಿ ಮೇಲ್ ತೆರೆಯೋಕೆ ಹೆದರಿಕೆ. ಅಮ್ಮನ ಫೋನ್ ಬಂದರೆ "ಎಲ್ಲಾ ಚೆನ್ನಾಗಿದೆ" ಅಂದು ಬೇಗ ಇಡುತ್ತಿದ್ದೀರಿ. ಇದರಲ್ಲಿ ಎರಡು ನಿಮಗೆ ಹೊಂದಿದರೂ ಆ ವಾರವೇ ಒಂದು ವಿಷಯ ಕೈಬಿಡಿ.

ಡಿಸೆಂಬರಲ್ಲಿ ಸೂರ್ಯ ಎಂಟೂವರೆ ಹೊತ್ತಿಗೆ ಹುಟ್ಟಿ ನಾಲ್ಕೂವರೆಗೆ ಮುಳುಗುತ್ತಾನೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬಂದರೆ ಮನಸ್ಸು ಕುಗ್ಗುತ್ತದೆ, ಇದಕ್ಕೆ ನಾಚಿಕೆ ಬೇಡ. ವಿದ್ಯಾರ್ಥಿ ಸೇವಾ ಸಂಸ್ಥೆಗಳಾದ ಸ್ಟುಡಿಯರೆಂಡೆನ್‌ವೆರ್ಕ್‌ಗಳಲ್ಲಿ ಮಾನಸಿಕ ಸಲಹೆ ಸಿಗುತ್ತದೆ, ವಿಷಯ ಹೊರಗೆ ಹೋಗುವುದಿಲ್ಲ.

ಹಂತ 8: ಪರೀಕ್ಷೆಗೆ ಬೇರೆಯೇ ನೋಂದಣಿ

ಕೋರ್ಸ್‌ಗೆ ಸೇರಿದ್ದೇನೆ, ಪರೀಕ್ಷೆ ತಾನಾಗೇ ಬರುತ್ತದೆ ಅಂದುಕೊಳ್ಳಬೇಡಿ. ಪರೀಕ್ಷೆಗೆ ಪ್ರತ್ಯೇಕವಾಗಿ ಹೆಸರು ಕೊಡಬೇಕು, ಅದರ ಗಡುವು ಪರೀಕ್ಷೆಗೆ ವಾರಗಟ್ಟಲೆ ಮುಂಚೆ ಮುಗಿಯುತ್ತದೆ. ಹೆಸರು ವಾಪಸ್ ತೆಗೆಯಲು ಇನ್ನೊಂದು ಗಡುವು. ಎರಡನ್ನೂ ಕ್ಯಾಲೆಂಡರಿಗೆ ಹಾಕಿ. ಹೆಸರು ಕೊಟ್ಟು ಸುಮ್ನೆ ಹೋಗದೆ ಇದ್ದರೆ ಬಹಳ ಕಡೆ ಫೇಲ್ ಅಂತಲೇ ಲೆಕ್ಕ. ಎಷ್ಟೋ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ.

ಪರೀಕ್ಷೆ ದಿನ ಬೇಕಾದ ರೈಲಿಗಿಂತ ಎರಡು ರೈಲು ಮುಂಚೆ ಹೊರಡಿ. ರೈಲು ತಡವಾಯಿತು ಅನ್ನುವ ಕಾರಣವನ್ನು ಪರೀಕ್ಷಾ ಕಚೇರಿ ಒಪ್ಪುತ್ತದೆ ಅಂತ ನಂಬಬೇಡಿ. ಬೆಳಿಗ್ಗೆ 8ರ ಪರೀಕ್ಷೆಯಾದರೆ ಹಿಂದಿನ ರಾತ್ರಿ ಊರೊಳಗಿನ ಗೆಳೆಯರ ಮನೆಯಲ್ಲಿ ಉಳಿಯಿರಿ, ಬಿಸಿಬೇಳೆಬಾತ್ ಮಾಡಿಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಜ್ವರ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ಚೀಟಿ ತಗೊಂಡು ತಡಮಾಡದೆ ಪರೀಕ್ಷಾ ಕಚೇರಿಗೆ ಕಳಿಸಿ.

ಹಂತ 9: ರೂಮ್ ಬದಲಿಸುವುದಾದರೆ ಡಿಸೆಂಬರಲ್ಲೇ ಕಾಗದ ಹಾಕಿ

ಹಾಸ್ಟೆಲ್ ವೇಟಿಂಗ್ ಲಿಸ್ಟಿಗೆ ಹೆಸರು ಕೊಟ್ಟಿದ್ದರೆ ಅದು ಇನ್ನೂ ಇದೆಯಾ ಅಂತ ನವೆಂಬರಲ್ಲಿ ಒಮ್ಮೆ ನೋಡಿ. ಕೆಲವು ಕಡೆ ಆಗಾಗ ಖಚಿತಪಡಿಸದಿದ್ದರೆ ಹೆಸರು ತೆಗೆದುಬಿಡುತ್ತಾರೆ.

ಕಾಲಮಿತಿ ಇಲ್ಲದ ಸಾಮಾನ್ಯ ಬಾಡಿಗೆ ಕರಾರಿಗೆ ಮೂರು ತಿಂಗಳ ನೋಟಿಸ್. ಏಪ್ರಿಲ್ 1ಕ್ಕೆ ಕ್ಯಾಂಪಸ್ ಹತ್ತಿರ ಹೋಗಬೇಕಾದರೆ ಜನವರಿಯ ಮೂರನೇ ಕೆಲಸದ ದಿನದೊಳಗೆ ಮನೆ ಮಾಲೀಕರ ಕೈಗೆ ನೋಟಿಸ್ ಸೇರಿರಬೇಕು. ನಾಲ್ಕನೇ ದಿನ ಸೇರಿದರೆ ಏಪ್ರಿಲ್ ಬಾಡಿಗೆಯೂ ನಿಮ್ಮದೇ. ವಾಟ್ಸಾಪ್ ಮೆಸೇಜ್, ಇ–ಮೇಲ್ ಯಾವುದೂ ನಡೆಯುವುದಿಲ್ಲ. ಪೆನ್ನಲ್ಲಿ ಸಹಿ ಹಾಕಿದ ಕಾಗದವೇ ಹೋಗಬೇಕು. ಕ್ರಿಸ್‌ಮಸ್ ರಜೆಯಲ್ಲಿ ಅಂಚೆ ತಡವಾಗುವುದರಿಂದ ಡಿಸೆಂಬರ್ 20ರ ಮುಂಚೆಯೇ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.